ಮರುಗುವ ನೀರು

ನಮ್ಮ ಸೀಮೆಯಲ್ಲಿ ಕನಿಕರ ಮೂರು ಭಾಷೆಯಲ್ಲಿ ಬಾಯಿಗೆ ಬರುತ್ತದೆ. ಶಿಡ್ಲಘಟ್ಟದ ಬೀದಿಯಲ್ಲಿ ಮುದುಕರೊಬ್ಬರು ಎಡವಿ ಬಿದ್ದರೆ ಕನ್ನಡದವರು ‘ಅಯ್ಯೋ ಪಾಪ’ ಅನ್ನುತ್ತಾರೆ, ತೆಲುಗು ಮನೆಮಾತಿನವರು ‘ಪಾಪಂ ರಾ’ ಅನ್ನುತ್ತಾರೆ, ಉರ್ದುವಿನವರು ‘ಬಿಚಾರಾ’ ಅನ್ನುತ್ತಾರೆ. ಮೂರು ಮಾತೂ ನನ್ನ ಕಿವಿಗೆ ಹುಟ್ಟಿದಾಗಿನಿಂದ ಬಿದ್ದವು. ಚಿಂತಾಮಣಿ ಕಡೆಗೂ ಅಷ್ಟೆ, ಗೌರಿಬಿದನೂರು ಕಡೆಗೂ ಅಷ್ಟೆ; ಒಂದೇ ಜಗಲಿಯ ಮೇಲೆ ಕೂತವರು ಒಂದು ವಾಕ್ಯವನ್ನು ಕನ್ನಡದಲ್ಲಿ ಹಿಡಿದು ತೆಲುಗಿನಲ್ಲಿ ಮುಗಿಸುತ್ತಾರೆ. ಪಾಪ ಅಂದರೆ ಮಾಡಿದ ಕರ್ಮವೂ ಹೌದು, ಅನುಭವಿಸುವವನ ಮೇಲಿನ ಮರುಕವೂ ಹೌದು, ತೊಟ್ಟಿಲ ಕೂಸೂ ಹೌದು. ಬಿಚಾರಾ ಅಂದರೆ ಬೇರೆ ದಾರಿಯೇ ಇಲ್ಲದವನು. ಆ ಮಾತು ಪಾರಸಿಯಿಂದ ಹೊರಟದ್ದು. ಒಂದು ಹಿಂದಿನದನ್ನು ಹೇಳುತ್ತದೆ, ಇನ್ನೊಂದು ಮುಂದೆ ಏನೂ ಇಲ್ಲ ಅನ್ನುವುದನ್ನು.

ನಾಲ್ಕನೆಯ ಮಾತು ಹೈಸ್ಕೂಲಿನಲ್ಲಿ ಬಂತು. ಅದು ಇಂಗ್ಲಿಷಿನದು: ಪಿಟಿಫುಲ್.

ನಮ್ಮ ಇಂಗ್ಲಿಷ್ ಮೇಷ್ಟ್ರು ಚಿಕ್ಕಬಳ್ಳಾಪುರದವರು. ಆಗ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಹಾದು ಕೋಲಾರದ ಕಡೆಗೆ ಚಿಕ್ಕ ಹಳಿಯ ರೈಲು ಓಡುತ್ತಿತ್ತು. ಮೇಷ್ಟ್ರು ಅದರಲ್ಲೇ ಬರುತ್ತಿದ್ದರು, ರೈಲು ತಡವಾದ ದಿನ ಮೊದಲ ಪೀರಿಯಡ್ ನಮಗೆ ಆಟ. ಅವರ ತಾಯಿ ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ಮನೆಯಲ್ಲಿ ಇಂಗ್ಲಿಷ್ ಬೈಬಲ್ ಓದಿ ಬೆಳೆದದ್ದರಿಂದಲೋ ಏನೋ, ಅವರು ಒಂದು ಪದವನ್ನು ಕಲಿಸುವಾಗ ಅದರ ಅರ್ಥ ಬರೆಸಿ ಮುಂದೆ ಹೋಗುತ್ತಿರಲಿಲ್ಲ. ಅದು ಎಲ್ಲಿಂದ ಹೊರಟಿತು, ಯಾರ ಬಾಯಲ್ಲಿ ಏನಾಯಿತು ಎಂದೆಲ್ಲ ಹೇಳುತ್ತಿದ್ದರು.

ಅಂದು ಬೋರ್ಡಿನ ಮೇಲೆ ಮೂರು ಪದ ಬರೆದರು: ಪಿಟಿಯಸ್, ಪಿಟಿಯಬಲ್, ಪಿಟಿಫುಲ್. ಕೇಳಿದವರ ಕರುಳು ಚುರುಕ್ಕೆನ್ನಿಸುವ ಕೂಗು, ಅಳು, ನೋಟ, ಅದಕ್ಕೆ ಪಿಟಿಯಸ್. ಒಬ್ಬ ಮನುಷ್ಯನಿಗೋ ಊರಿಗೋ ಬಂದೊದಗಿದ ಸ್ಥಿತಿ ಮರುಕಪಡುವಂತಿದ್ದರೆ ಅದು ಪಿಟಿಯಬಲ್. ಇವೆರಡನ್ನೂ ಬೇಗ ಮುಗಿಸಿದರು. ಮೂರನೆಯದರ ಹತ್ತಿರ ನಿಂತರು. ‘ಗ್ರೇಸ್‌ಫುಲ್ ಅಂದರೆ ಲಾಲಿತ್ಯ ತುಂಬಿದವನು. ಹೋಪ್‌ಫುಲ್ ಅಂದರೆ ಭರವಸೆ ತುಂಬಿದವನು. ಹಾಗಾದರೆ ಪಿಟಿಫುಲ್ ಅಂದರೆ?’ ಎಂದರು. ‘ಕನಿಕರ ತುಂಬಿದವನು ಸಾರ್’ ಎಂದು ಇಡೀ ಕ್ಲಾಸು ಕೂಗಿತು.

ಸರಿ ಎಂದರು. ಮೊದಲು ಅದೇ ಅರ್ಥ ಇತ್ತು ಎಂದರು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ, ಯಾಕೋಬನ ಪತ್ರದಲ್ಲಿ, ದೇವರನ್ನೇ ಆ ಪದದಿಂದ ಕರೆದಿದೆ ಎಂದರು. ಆಮೇಲೆ ಪದ ಕೈ ಬದಲಾಯಿಸಿತು. ಕನಿಕರ ಪಡುವವನನ್ನು ಬಿಟ್ಟು ಕನಿಕರಕ್ಕೆ ಈಡಾದವನಿಗೆ ಅಂಟಿಕೊಂಡಿತು. ಅಲ್ಲಿಗೂ ನಿಲ್ಲಲಿಲ್ಲ. ಅವನನ್ನು ಸುಮ್ಮನೆ ನೋಡಿ ನೋಡಿ ಜನಕ್ಕೆ ಅಸಡ್ಡೆ ಹುಟ್ಟಿತು. ಕಡೆಗೆ ಕೈಲಾಗದ್ದು, ಕೀಳಾದದ್ದು, ಇಷ್ಟೇ ಇಷ್ಟು ಅನ್ನುವಂಥದ್ದು ಎಲ್ಲಕ್ಕೂ ಅದೇ ಪದ ಆಯಿತು. ಹೊಟ್ಟೆಗೆ ಸಾಲದ ಕೂಲಿಯನ್ನು ಈಗ ಇಂಗ್ಲಿಷಿನವರು ಪಿಟಿಫುಲ್ ವೇಜಸ್ ಅನ್ನುತ್ತಾರೆ.

‘ದೇವರಿಗೆ ಹೇಳಿದ ಮಾತು ಕೂಲಿಯವನ ಚಿಲ್ಲರೆಗೆ ಬಂತು ನೋಡ್ರಪ್ಪ’ ಎಂದು ಸೀಮೆಸುಣ್ಣ ಕೆಳಗಿಟ್ಟರು.

ಆ ಪಾಠ ನನ್ನಲ್ಲಿ ಹೇಗೆ ಕೂತಿತೆಂದರೆ, ಮುಂದೆ ನಾನೂ ಇಂಗ್ಲಿಷ್ ಮೇಷ್ಟ್ರಾಗಿ ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ಎಂದು ಊರೂರು ವರ್ಗವಾಗುತ್ತಾ ಹೋದಾಗ, ಎಲ್ಲೆಡೆ ಆ ಮೂರು ಪದಗಳನ್ನು ಹಾಗೇ ಕಲಿಸಿದೆ. ಜೊತೆಗೆ ನಮ್ಮದೊಂದು ಉದಾಹರಣೆ ಸೇರಿಸಿದೆ. ಕೃಪೆ ಇರುವ ಮೂಲದಲ್ಲೇ ಕೃಪಣ ಅನ್ನುವ ಮಾತೂ ಇದೆ. ಹಳೆಯ ಸಂಸ್ಕೃತದಲ್ಲಿ ಕೃಪಣ ಅಂದರೆ ದೀನ, ಮರುಕಕ್ಕೆ ಪಾತ್ರನಾದವನು. ಕನ್ನಡಕ್ಕೆ ಬರುವಷ್ಟರಲ್ಲಿ ಅವನು ಜಿಪುಣ. ಇಂಗ್ಲಿಷಿನಲ್ಲಿ ನಡೆದದ್ದೇ ನಮ್ಮಲ್ಲೂ ನಡೆದಿದೆ: ಎಲ್ಲಿ ಕನಿಕರದ ಮಾತು ಬರುತ್ತದೋ ಅಲ್ಲಿಗೆ ಸ್ವಲ್ಪ ಹೊತ್ತಿನಲ್ಲೇ ಜಿಪುಣತನವೂ ಬಂದು ಕೂರುತ್ತದೆ. ಇದು ಬರೀ ಪದಕೋಶದ ಸಂಗತಿಯಲ್ಲ ಎಂದು ನನಗೆ ಗೊತ್ತಾದದ್ದು ರೇಷ್ಮೆ ನೂಲು ಬಿಚ್ಚುವ ಒಂದು ಚರಕದ ಮನೆಯಲ್ಲಿ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಗಳಲ್ಲಿ ಅಂಥ ಮನೆಗಳೇ ಹೆಚ್ಚು. ಮೊಟ್ಟೆ ಒಡೆದ ದಿನದಿಂದ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಹತ್ತುವವರೆಗೆ ಇಪ್ಪತ್ತೈದು ಇಪ್ಪತ್ತಾರು ದಿನ. ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮವರು ಅದನ್ನು ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲುಗದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆಗ ಅವ್ವ ನಮ್ಮನ್ನು ಆ ಕೋಣೆಯಲ್ಲಿ ಗಟ್ಟಿಯಾಗಿ ಮಾತಾಡಲೂ ಬಿಡುತ್ತಿರಲಿಲ್ಲ. ಒಗ್ಗರಣೆಯ ಘಾಟು ಹೋಗದಂತೆ ಅಡುಗೆಮನೆಯ ಬಾಗಿಲು ಹಾಕುತ್ತಿದ್ದಳು. ಒಂದೊಂದು ಹುಳುವಿನ ಮೇಲೂ ಅಷ್ಟು ಅಕ್ಕರೆ. ಆ ಅಕ್ಕರೆಯ ಹುಳು ಗೂಡು ಕಟ್ಟಿದ ಮೇಲೆ ನಾವೇ ಬುಟ್ಟಿಗೆ ತುಂಬಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಒಯ್ಯುತ್ತಿದ್ದೆವು. ಒಂದು ಗೂಡಿನಲ್ಲಿ ಒಂದೇ ಎಳೆ, ಎಲ್ಲೂ ತುಂಡಾಗದೆ 700ರಿಂದ 1000 ಮೀಟರ್ ಉದ್ದ. ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬಂದರೆ ಆ ಎಳೆ ಹಾಳು. ಹಾಗಾಗಿ ಹತ್ತು ದಿನದೊಳಗೆ ಅದನ್ನು ಒಳಗೇ ಕೊಲ್ಲಬೇಕು, ಗೂಡನ್ನು ಬೇಯಿಸಿ ನೂಲು ಬಿಚ್ಚಬೇಕು.

ನಮ್ಮ ಅಜ್ಜಿಯದು ತೆಲುಗು. ಒಂದು ಸಲ ಅಪ್ಪನ ಜೊತೆ, ಗೂಡು ಕೊಂಡವರ ಹತ್ತಿರ ದುಡ್ಡು ವಸೂಲಿಗೆ ಅವಳೂ ಬಂದಿದ್ದಳು. ಚರಕದ ಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿ ‘ನೀಳ್ಳು ಮರುಗುತಾವುಂಡಾಯಿ’ ಎಂದಳು. ನೀರು ಕುದಿಯುತ್ತಿದೆ ಎಂದರ್ಥ. ತೆಲುಗಿನಲ್ಲಿ ಮರುಗುವುದು ನೀರು. ಕನ್ನಡದಲ್ಲಿ ಮರುಗುವುದು ಮನಸ್ಸು. ಎರಡು ಭಾಷೆ ಒಂದೇ ಅಂಗಳದಲ್ಲಿ ಇರುವ ನಮ್ಮಂಥವರಿಗೆ ಮಾತ್ರ ಆ ಎರಡು ಅರ್ಥ ಒಟ್ಟಿಗೆ ಕೇಳುತ್ತವೆ. ಆ ಬಾಗಿಲಲ್ಲಿ ನನಗೆ ಹಾಗೇ ಕೇಳಿತು. ಯಾಕೆಂದರೆ ಬಾನಿಯ ಪಕ್ಕ ಚರಕ ತಿರುವುತ್ತಿದ್ದವನು ಹಿಂದಿನ ವರ್ಷದವರೆಗೆ ನನ್ನ ಜೊತೆ ಕೂತು ಓದುತ್ತಿದ್ದ ಹುಡುಗ.

ಆ ಮನೆಯನ್ನು ಸ್ವಲ್ಪ ಹೇಳಬೇಕು. ತಗ್ಗು ಮಾಡು, ಒಂದೇ ಕಿಟಕಿ. ಉರಿಯುವ ಒಲೆಯ ಮೇಲೆ ನೀರಿನ ಬಾನಿ, ಅದರಲ್ಲಿ ತೇಲುವ ಗೂಡು. ಬಾನಿಯ ಮುಂದೆ ಕೂತವರು ಬಿಸಿನೀರಲ್ಲೇ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು, ನಾಲ್ಕಾರು ಎಳೆ ಕೂಡಿಸಿ ಒಂದು ನೂಲು ಮಾಡಿ ಚರಕಕ್ಕೆ ಕೊಡಬೇಕು. ಇನ್ನೊಬ್ಬರು ಆ ಚರಕವನ್ನು ನಿಲ್ಲಿಸದೆ ತಿರುವುತ್ತಿರಬೇಕು. ತಿರುವುವ ಕೆಲಸ ಸಾಮಾನ್ಯವಾಗಿ ಮಕ್ಕಳದು. ಕೈ ಪಳಗಿದ ಮೇಲೆ ಬಾನಿಯ ಮುಂದೆ ಕೂರಿಸುತ್ತಿದ್ದರು. ಬೆಂದ ಹುಳುವಿನ ವಾಸನೆ ಬಟ್ಟೆಗೆ, ಕೂದಲಿಗೆ ಹತ್ತಿದರೆ ಮೈ ತೊಳೆದರೂ ಹೋಗದು. ದಿನವಿಡೀ ನೀರಲ್ಲಿದ್ದ ಅಂಗೈ ಬೆಳ್ಳಗೆ ನೆನೆದು, ಗೆರೆಗಳಲ್ಲಿ ಬಿರಿದು, ರಾತ್ರಿ ಊಟಕ್ಕೆ ಕೂತಾಗ ಖಾರ ಮುಟ್ಟಿದರೆ ಉರಿಯುತ್ತದೆ.

ಹುಡುಗನ ಅಕ್ಕನ ಮದುವೆಗೆ ಅವನಪ್ಪ ಚರಕದ ಯಜಮಾನರ ಹತ್ತಿರ ಮುಂಗಡ ತೆಗೆದುಕೊಂಡಿದ್ದ. ಅದು ತೀರುವವರೆಗೆ ಮಗ ಅಲ್ಲಿ. ಯಜಮಾನರ ಹೆಂಡತಿ ಒಳ್ಳೆಯ ಹೆಂಗಸು. ‘ಬಿಚಾರಾ ಬಚ್ಚಾ’ ಎಂದು ಹೊತ್ತಿಗೆ ಸರಿಯಾಗಿ ಟೀ ಕೊಡುತ್ತಿದ್ದರು, ಬನ್ನು ಕೊಡುತ್ತಿದ್ದರು. ಗೂಡು ತಂದ ರೈತರು ನೋಡಿ ‘ಪಾಪ’ ಅನ್ನುತ್ತಿದ್ದರು. ನಮ್ಮ ಅಜ್ಜಿಯೂ ‘ಪಾಪಂ’ ಅಂದಳು. ಆ ಮನೆಯ ಗೋಡೆಗೆ ಕಿವಿ ಇದ್ದಿದ್ದರೆ ಕನಿಕರವನ್ನು ಅಷ್ಟು ಸಲ ಬೇರೆಲ್ಲೂ ಕೇಳಿರಲಾರದು. ಅಷ್ಟೆಲ್ಲ ಕನಿಕರದ ನಡುವೆ ಚರಕ ತಿರುಗುತ್ತಲೇ ಇತ್ತು.

ನಾನು ಮೇಷ್ಟ್ರಿಗೆ ಹೇಳಿದೆ. ಅವರು ಪಾಪ ಅನ್ನಲಿಲ್ಲ. ‘ಬಾಕಿ ಎಷ್ಟಂತೆ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಂದು ಸಂಜೆ ರೈಲಿಗೆ ಹೋಗುವ ಮುಂಚೆ ಚರಕದ ಮನೆಗೆ ನನ್ನನ್ನೂ ಕರೆದುಕೊಂಡು ಹೋದರು. ಯಜಮಾನರನ್ನು ಗದರಲಿಲ್ಲ, ನೀತಿ ಹೇಳಲಿಲ್ಲ. ಕುರ್ಚಿಯ ಮೇಲೆ ಕೂತು, ಟೀ ಕುಡಿದು, ಮುಂಗಡ ಎಷ್ಟು, ವಾರಕ್ಕೆ ಎಷ್ಟು ಮುರಿಯುತ್ತೀರಿ, ಇದುವರೆಗೆ ಎಷ್ಟು ಮುರಿದಿದ್ದೀರಿ ಎಂದು ಕೇಳಿದರು. ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಯಜಮಾನರ ಹತ್ತಿರ ಇರಲಿಲ್ಲ, ಹುಡುಗನ ಅಪ್ಪನ ಹತ್ತಿರ ಇರಲಿಲ್ಲ. ಮೇಷ್ಟ್ರು ಜೇಬಿನಿಂದ ಗೆರೆ ಹಾಕಿದ ಒಂದು ಸಣ್ಣ ನೋಟ್ ಪುಸ್ತಕ ತೆಗೆದು, ಎಲ್ಲರೂ ಒಪ್ಪಿದ ಮೊತ್ತವನ್ನು ಬರೆದು, ಕೆಳಗೆ ವಾರವಾರದ ಸಾಲು ಎಳೆದರು. ‘ಪ್ರತಿ ಶನಿವಾರ ಇವನೇ ಬರೆದುಕೊಳ್ಳಲಿ, ನೀವು ಸಹಿ ಹಾಕಿ. ಇವನಿಗೆ ಕೂಡು ಕಳೆ ಚೆನ್ನಾಗಿ ಬರುತ್ತೆ’ ಎಂದರು.

ಹುಡುಗ ಆ ಪುಸ್ತಕವನ್ನು ಅಂಗಿಯ ಒಳಗೆ ಇಟ್ಟುಕೊಂಡು ಓಡಾಡುತ್ತಿದ್ದ. ಬಾಕಿ ಇಳಿಯುವುದು ಕಣ್ಣಿಗೆ ಕಂಡದ್ದು ಅದೇ ಮೊದಲು. ಮುಂದಿನ ಯುಗಾದಿಯ ಹೊತ್ತಿಗೆ ತೀರಿತು. ಅವನು ಶಾಲೆಗೆ ಮರಳಲಿಲ್ಲ, ಅದನ್ನು ಮುಚ್ಚಿಡುವುದು ಬೇಡ. ವಯಸ್ಸು ದಾಟಿತ್ತು, ಮನೆಗೆ ಕೂಲಿ ಬೇಕಿತ್ತು. ಆದರೆ ತನಗೆ ಬೇಕಾದ ಕಡೆ ಕೂಲಿಗೆ ಹೋದ. ವರ್ಷಗಳಾದ ಮೇಲೆ ಗೂಡಿನ ಮಾರುಕಟ್ಟೆಯ ಗೇಟಿನಲ್ಲಿ ಸಿಕ್ಕಾಗ ಅವನು ಹೇಳಿದ ಮಾತು: ‘ಎಲ್ಲರೂ ಪಾಪ ಅಂತಿದ್ರು ಕಣೋ. ಬಾಕಿ ಎಷ್ಟು ಅಂತ ಕೇಳಿದ್ದು ಮೇಷ್ಟ್ರೊಬ್ಬರೇ.’

ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ದೇಶಾದ್ಯಂತ ಅಪರಾಧ ಮಾಡಿತು. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. 1996ರಲ್ಲಿ ಸುಪ್ರೀಂ ಕೋರ್ಟು ಅಪಾಯದ ಕೆಲಸಕ್ಕೆ ಮಗುವನ್ನು ಹಚ್ಚಿದ ಮಾಲೀಕ ಒಂದೊಂದು ಮಗುವಿಗೂ 20,000 ರೂಪಾಯಿ ಕಟ್ಟಬೇಕೆಂದಿತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ರೇಷ್ಮೆ ಉದ್ಯಮದ ಮಕ್ಕಳ ಬಗ್ಗೆ ದೊಡ್ಡ ವರದಿ ತಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ, ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ, ಹೀಗೆ ಒಂದೊಂದೇ ಹೆಜ್ಜೆ. ಈ ಕಾಯ್ದೆಗಳನ್ನು ಓದುವಾಗೆಲ್ಲ ನನಗೆ ಮೇಷ್ಟ್ರ ನೋಟ್ ಪುಸ್ತಕ ಕಾಣುತ್ತದೆ. ಅವುಗಳಲ್ಲಿ ಎಲ್ಲಿಯೂ ಪಾಪ ಎಂಬ ದನಿ ಇಲ್ಲ. ಎಷ್ಟು ವಯಸ್ಸು, ಯಾವ ಕೆಲಸ, ಎಷ್ಟು ದಂಡ, ಯಾರು ಕಟ್ಟಬೇಕು, ಇಷ್ಟೇ. ಮಕ್ಕಳನ್ನು ಬಾನಿಯಿಂದ ಎಬ್ಬಿಸಲು ಬೇಕಾಗಿದ್ದದ್ದು ಅದೇ.

ಹಾಗೆಂದು ಮರುಕವೇ ಬೇಡ ಎಂದು ನಾನು ಹೇಳುವುದಿಲ್ಲ. ಅದು ಸುಳ್ಳಾಗುತ್ತದೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದಾಗ ನಮ್ಮ ಕಡೆಯ ಹುಳುಮನೆಗಳು ತತ್ತರಿಸಿದವು. ಆ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕು ತಿನ್ನುತ್ತದೆ. ಹೊಕ್ಕ ಜಾಗದಲ್ಲಿ ಒಂದು ಕಪ್ಪು ಚುಕ್ಕೆ. ಅವ್ವ ಲಾಟೀನು ಹಿಡಿದು ಒಂದೊಂದೇ ಹುಳು ನೋಡುತ್ತಾ ಚುಕ್ಕೆ ಕಂಡದ್ದನ್ನು ಆರಿಸಿ ತೆಗೆಯುತ್ತಿದ್ದಳು. ಆ ಬೆಳೆಯಲ್ಲಿ ಉಳಿದದ್ದು ಅರ್ಧವೂ ಅಲ್ಲ. ಉಳಿದ ಹುಳು ಕೊನೆಯ ಜ್ವರ ಎದ್ದವು. ಒಂದು ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿನ್ನುವುದು. ನಮ್ಮ ಬಾವಿ ಬತ್ತಿತ್ತು, ತೋಟ ಒಣಗಿತ್ತು, ಸೊಪ್ಪು ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ.

ಬಂದವರೆಲ್ಲ ಬಾಗಿಲಲ್ಲಿ ನಿಂತು ಲೊಚಗುಟ್ಟಿ ಹೋದರು. ರಾತ್ರಿ ಊಟದ ಹೊತ್ತು ಮೀರಿದ ಮೇಲೆ ನಮ್ಮ ಪಕ್ಕದ ಹೊಲದ ಚಿಕ್ಕಮ್ಮ, ಅಪ್ಪನ ಜೊತೆ ಬದುವಿನ ಜಗಳ ಆಡಿ ಮಾತು ಬಿಟ್ಟವಳು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬಂದಳು. ಅಂಗಳದಲ್ಲಿ ಹೊರೆ ಇಳಿಸಿ, ‘ಹುಳ ಹಸಿದಿರ್ತಾವೆ, ಮೊದ್ಲು ಹಾಕಕ್ಕಾ’ ಎಂದು ಅವ್ವನಿಗೆ ಹೇಳಿ ಹೋದಳು. ಗೂಡು ಕಟ್ಟುವವರೆಗೆ ದಿನಾ ತಂದಳು. ಅಪ್ಪನ ಜೊತೆ ಮಾತು ಬಿಟ್ಟದ್ದು ಹಾಗೇ ಇತ್ತು. ಆ ಚಿಕ್ಕಮ್ಮನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೆ 1611ರ ಆ ಪದಕ್ಕೆ ಪೂರ್ತಿ ತಕ್ಕವರು ಯಾರಾದರೂ ನನ್ನ ಕಣ್ಣಿಗೆ ಬಿದ್ದಿದ್ದರೆ ಅದು ಅವಳೇ.

ಚಿಂತಾಮಣಿಯಲ್ಲಿದ್ದಾಗ ಮಕ್ಕಳನ್ನು ಕೈವಾರಕ್ಕೆ ಕರೆದೊಯ್ಯುತ್ತಿದ್ದೆ. ಕೈವಾರ ಅಂದರೆ ಎಲ್ಲರಿಗೂ ನೆನಪಾಗುವುದು ಬಳೆ ಮಾರುತ್ತಿದ್ದು ಯೋಗಿಯಾದ ನಾರೇಯಣ ತಾತಯ್ಯನವರು; ಕನ್ನಡ ತೆಲುಗು ಎರಡರಲ್ಲೂ ಹಾಡು ಕಟ್ಟಿದವರು, ನಮ್ಮ ಸೀಮೆಯ ನಾಲಿಗೆಗೆ ಅವರೇ ಸಾಕ್ಷಿ. ಆದರೆ ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಅಲ್ಲಿನ ಬೆಟ್ಟದ ಕಥೆ. ಮಹಾಭಾರತದ ಏಕಚಕ್ರನಗರ ಅದೇ ಎಂದು ಅಲ್ಲಿಯವರ ನಂಬಿಕೆ. ಪಾಂಡವರು ಬ್ರಾಹ್ಮಣನೊಬ್ಬನ ಮನೆಯಲ್ಲಿ ವೇಷ ಮರೆಸಿಕೊಂಡು ಇದ್ದರು. ಒಂದು ದಿನ ಒಳಮನೆಯಲ್ಲಿ ಅಳು ಕೇಳಿತು. ಬಕಾಸುರನ ಸರದಿ ಆ ಮನೆಗೆ ಬಂದಿತ್ತು. ಅಪ್ಪ ನಾನು ಹೋಗುತ್ತೇನೆ ಅನ್ನುತ್ತಾನೆ, ತಾಯಿ ನಾನು ಅನ್ನುತ್ತಾಳೆ, ಮಕ್ಕಳು ನಾವು ಅನ್ನುತ್ತಾರೆ. ಪಿಟಿಯಸ್ ಎಂಬುದಕ್ಕೆ ಅದಕ್ಕಿಂತ ತಕ್ಕ ಅಳು ಯಾವುದಿದೆ? ಕುಂತಿ ಕೇಳಿಸಿಕೊಂಡಳು. ಆಕೆ ಗಂಡನಿಲ್ಲದವಳು, ರಾಜ್ಯ ಕಳೆದುಕೊಂಡವಳು, ಭಿಕ್ಷೆಯ ಅನ್ನ ಉಣ್ಣುತ್ತಿದ್ದವಳು. ಲೋಕದ ಲೆಕ್ಕದಲ್ಲಿ ಅವಳೇ ಪಾಪದವಳು. ಒಳಗೆ ಹೋಗಿ ಏನಾಯಿತೆಂದು ವಿಚಾರಿಸಿದಳು. ನಿಮಗಿರುವುದು ಒಬ್ಬನೇ ಮಗ, ನನಗೆ ಐವರು, ಒಬ್ಬನನ್ನು ಕಳಿಸುತ್ತೇನೆ ಎಂದಳು. ಮರುಕ ಹುಟ್ಟಿದ ಮೇಲೆ ಅವಳು ಮಾಡಿದ ಮೊದಲ ಕೆಲಸ ಲೆಕ್ಕ. ಭೀಮನ ಪರಾಕ್ರಮ ಆಮೇಲಿನದು. ಮಕ್ಕಳು ಕೇಳಲು ಕಾಯುತ್ತಿದ್ದದ್ದು ಭೀಮ ಗಾಡಿ ಅನ್ನ ಉಣ್ಣುವ ಭಾಗವನ್ನು, ಅದು ಸಹಜ. ನಾನು ಕುಂತಿಯ ಹತ್ತಿರವೇ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ.

ಗೌರಿಬಿದನೂರಿನಲ್ಲಿ ಬೇರೆಯದೇ ಒಂದು ಪಾಠ ಆಯಿತು. ವಿದುರಾಶ್ವತ್ಥದ ಬಗ್ಗೆ ಇಂಗ್ಲಿಷಿನಲ್ಲಿ ಬರೆದು ತನ್ನಿ ಎಂದಿದ್ದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧ ಮುರಿದು ಧ್ವಜ ಹಾರಿಸಿದ್ದರು. ಸತ್ತವರ ಸಂಖ್ಯೆ ಸರ್ಕಾರ ಹೇಳಿದ್ದೊಂದು, ಜನ ಎಣಿಸಿದ್ದು ಅದಕ್ಕಿಂತ ಬಹಳ ಹೆಚ್ಚು. ನಮ್ಮ ಮಕ್ಕಳಲ್ಲಿ ಹಲವರ ಅಜ್ಜ ಅಜ್ಜಿಯರು ಆ ಗದ್ದಲವನ್ನು ಕಣ್ಣಾರೆ ಕಂಡವರು. ಒಬ್ಬ ಹುಡುಗಿ, ಮನೆಯಲ್ಲಿ ‘ಪಾಪ, ಜನ ಸತ್ತರು’ ಎಂದು ಕೇಳಿದ್ದನ್ನು ಹಾಗೇ ಇಂಗ್ಲಿಷಿಗೆ ಇಳಿಸಿ, ‘ಪಿಟಿಫುಲ್ ಪೀಪಲ್ ಡೈಡ್’ ಎಂದು ಬರೆದಿದ್ದಳು. ವ್ಯಾಕರಣದ ತಪ್ಪಿಲ್ಲ. ಆದರೆ ಆ ಪದ ಅಲ್ಲಿ ನಿಲ್ಲುವುದಿಲ್ಲ.

ಇಡೀ ಕ್ಲಾಸಿಗೆ ಅದನ್ನೇ ಪಾಠ ಮಾಡಿದೆ. ಈಗಿನ ಇಂಗ್ಲಿಷಿನಲ್ಲಿ ಹಾಗೆ ಬರೆದರೆ ಆ ಜನ ಕೀಳಾದವರು, ಕೈಲಾಗದವರು ಎಂದಾಗುತ್ತದೆ. ಕನ್ನಡದ ಪಾಪ ಸತ್ತವರನ್ನು ಹತ್ತಿರ ಎಳೆದುಕೊಳ್ಳುತ್ತದೆ, ಇಂಗ್ಲಿಷಿನ ಪಿಟಿಫುಲ್ ಅವರನ್ನು ದೂರ ತಳ್ಳುತ್ತದೆ. ಬೇಕಿದ್ದರೆ ಆ ದಿನದ ಕೂಗನ್ನು ಪಿಟಿಯಸ್ ಅನ್ನಿ. ಹಿಂದೆ ಉಳಿದ ಮನೆಗಳ ಸ್ಥಿತಿಯನ್ನು ಪಿಟಿಯಬಲ್ ಅನ್ನಿ. ಸತ್ತವರನ್ನು ಅನ್ನಬೇಡಿ, ಅವರು ಧ್ವಜ ಹಿಡಿಯಲು ಹೋಗಿದ್ದವರು. ಆ ಹುಡುಗಿ ಎದ್ದು, ‘ಹಂಗಾದ್ರೆ ಅವರಿಗೆ ಏನು ಬರೀಲಿ ಸಾರ್?’ ಎಂದಳು. ಹೆಸರು ಬರಿ ಎಂದೆ. ಮುಂದಿನ ಭಾನುವಾರ ಅವಳೂ ಇನ್ನಿಬ್ಬರೂ ವಿದುರಾಶ್ವತ್ಥದ ವೀರಸೌಧಕ್ಕೆ ಹೋಗಿ ಹೆಸರುಗಳನ್ನು ಪುಸ್ತಕಕ್ಕೆ ಇಳಿಸಿಕೊಂಡು ಬಂದರು.

ಅದೇ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯನವರು. ಅವರ ಕಥೆಯನ್ನು ಭಾಷಣಗಳಲ್ಲಿ ಹೇಳುವ ರೀತಿ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಬಡ ಹುಡುಗ, ರೈಲಿಗೆ ಕಾಸಿಲ್ಲದೆ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದ, ಅಯ್ಯೋ ಎಂದು ಕಣ್ಣೊರೆಸಿಕೊಳ್ಳುವಂತೆ ಹೇಳುತ್ತಾರೆ. ನಡೆದದ್ದು ನಿಜ. ಆದರೆ ಆ ಹುಡುಗ ನಡೆದದ್ದು ನ್ಯಾಷನಲ್ ಹೈಸ್ಕೂಲಿಗೆ ಸೇರಲು. ಮುಂದೆ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದ, ಅಮೆರಿಕದ ಓಹಾಯೋದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಮಾಡಿದ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಅಷ್ಟಾದರೂ 2005ರಲ್ಲಿ ತೀರಿಕೊಳ್ಳುವವರೆಗೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ಹೋರಾಟದ ಹಾದಿ’. ಗೌರಿಬಿದನೂರಿಗೆ, ಬಾಗೇಪಲ್ಲಿಗೆ ಕಾಲೇಜು ತಂದರು. ಮುಂದಿನ ಹುಡುಗ ನಡೆದು ಹೋಗಬೇಕಾಗದಿರಲಿ ಎಂದು ಕಾಲೇಜನ್ನೇ ಊರಿಗೆ ತರುವುದು ಒಬ್ಬ ಮನುಷ್ಯನ ಕನಿಕರ ಹಿಡಿಯಬಹುದಾದ ಅತಿ ದೊಡ್ಡ ರೂಪ ಎಂದು ನಾನು ನಂಬಿದ್ದೇನೆ. ಆ ಕಾಲೇಜಿನಲ್ಲಿ ಓದಿ ಮೇಷ್ಟ್ರಾದವರು, ನರ್ಸಾದವರು, ಎಂಜಿನಿಯರಾದವರು ನನಗೆ ಎಷ್ಟೋ ಜನ ಗೊತ್ತು.

ನೀರಿನ ಮಾತು ಬಾರದೆ ನಮ್ಮ ಸೀಮೆಯ ಯಾವ ಬರಹವೂ ಮುಗಿಯುವುದಿಲ್ಲ. ವರ್ಷವಿಡೀ ಹರಿಯುವ ಒಂದು ಹೊಳೆ ನಮಗಿಲ್ಲ. ನಂದಿಬೆಟ್ಟದ ಸುತ್ತ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಎಲ್ಲವೂ ಹುಟ್ಟಿದ ಜಾಗದಲ್ಲೇ ಒಣ ಮರಳು. ಕೆರೆ ಬತ್ತಿದ ಮೇಲೆ ಜನ ಕೊಳವೆಬಾವಿ ಕೊರೆದರು. ಕೊರೆಯುತ್ತಾ ಹೋಗಿ 1000 ಅಡಿ ದಾಟಿದರು, 1500 ಮುಟ್ಟಿದರು. ಆಳ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ನಿಯಮ. ಎಷ್ಟೋ ಹಳ್ಳಿಗಳಲ್ಲಿ ಮೀರುತ್ತದೆ. ನನ್ನ ಕ್ಲಾಸುಗಳಲ್ಲಿ ನಗುವಾಗ ಕೈ ಅಡ್ಡ ಹಿಡಿಯುವ ಮಕ್ಕಳು ಯಾವಾಗಲೂ ಇದ್ದರು. ಹಲ್ಲಿನ ಮೇಲೆ ಕಂದು ಪಟ್ಟೆ. ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿ ಬಂದ ನನ್ನ ಶಿಷ್ಯೆಯೊಬ್ಬಳು ಹೇಳಿದಳು: ‘ಅವರು ನನ್ನ ಉತ್ತರ ಕೇಳಲಿಲ್ಲ ಸಾರ್, ಹಲ್ಲು ನೋಡಿ ಪಾಪ ಅನ್ನೋ ಹಾಗೆ ಮುಖ ಮಾಡಿದರು.’ ಅವಳಿಗೆ ಕೆಲಸ ಸಿಗಲಿಲ್ಲ. ಇನ್ನೊಬ್ಬರ ಮುಖದ ಮರುಕ ಒಬ್ಬ ಹುಡುಗಿಯ ಬಾಯಿ ಮುಚ್ಚಿಸಬಲ್ಲದು.

ಶಾಶ್ವತ ನೀರಾವರಿ ಹೋರಾಟ ಸಮಿತಿ ವರ್ಷಗಟ್ಟಲೆ ಧರಣಿ ಕೂತಿತು. 2016ರ ಮಾರ್ಚಿನಲ್ಲಿ ಚಿಕ್ಕಬಳ್ಳಾಪುರ, ಕೋಲಾರ ಎರಡೂ ಜಿಲ್ಲೆಯ ರೈತರು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟರು. ಆಮೇಲೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ನಮ್ಮ ಕೆರೆಗಳಿಗೆ ಬಿಟ್ಟರು. ಕೆರೆ ತುಂಬಿದ್ದು ನೋಡಿ ಕಣ್ಣು ತಂಪಾದದ್ದೂ ನಿಜ. ಮೂರನೆಯ ಹಂತವನ್ನೂ ಮಾಡಿ ಕೊಡಿ ಎಂದು ನಮ್ಮವರು ಕೇಳಿದರು. ಆಗ ಬಂದ ಉತ್ತರಗಳಲ್ಲಿ ಒಂದು ದನಿ ನನಗೆ ಚೆನ್ನಾಗಿ ಗುರುತಾಯಿತು. ಪಾಪ, ಬರಗಾಲದವರು, ಅಷ್ಟಾದರೂ ಸಿಕ್ಕಿತಲ್ಲ ಎಂಬ ದನಿ. ಬೋರ್ಡಿನ ಮೇಲಿನ ಮೂರನೆಯ ಪದ ಅದೇ: ಕೇಳುವವನನ್ನು ಕನಿಕರದಿಂದ ನೋಡಿದ ಕೂಡಲೆ ಕೊಡುವ ಅಳತೆ ಚಿಕ್ಕದಾಗುತ್ತದೆ. ಹಕ್ಕುದಾರನಿಗೆ ಅಳೆದು ಕೊಡಬೇಕಾಗುತ್ತದೆ, ಪಾಪದವನಿಗೆ ಇದ್ದದ್ದು ಸಾಕು.

ನಿವೃತ್ತನಾದ ಮೇಲೆ ನಮ್ಮ ಹಳ್ಳಿಯ ಕಡೆಯವರು ನನ್ನ ಹತ್ತಿರ ಅರ್ಜಿ ಬರೆಸಲು ಬರುತ್ತಾರೆ. ಕುಡಿಯುವ ನೀರಿನ ಶುದ್ಧೀಕರಣ ಘಟಕ ಕೆಟ್ಟು ನಿಂತ ಬಗ್ಗೆ ಒಂದು ಮನವಿ ಬರೆಯಬೇಕಿತ್ತು. ಸಹಿ ಹಾಕಲು ಸೇರಿದವರಲ್ಲಿ ಕಾಲೇಜು ಓದುವ ಹುಡುಗನೊಬ್ಬ ಮೊದಲೇ ಒಂದು ಕರಡು ತಂದಿದ್ದ. ನಮ್ಮ ಗ್ರಾಮದ ಪರಿಸ್ಥಿತಿ ಅತ್ಯಂತ ಶೋಚನೀಯವಾಗಿದ್ದು, ಬಡಬಗ್ಗರಾದ ನಮ್ಮ ಮೇಲೆ ತಾವು ದಯಮಾಡಿ ಕನಿಕರವಿಟ್ಟು, ಎಂದು ಶುರುವಾಗಿತ್ತು. ಅರ್ಜಿ ಬರೆಯುವ ರೀತಿ ಅದೇ ಎಂದು ಅವನಿಗೆ ಯಾರೋ ಕಲಿಸಿದ್ದರು, ಹುಡುಗನ ತಪ್ಪೇನಿಲ್ಲ. ನಾನು ಓದಿ ಹೇಳಿದೆ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜಿ, ಸೊಪ್ಪಿನ ಹೊರೆ ಹೊತ್ತು ಸೊಂಟ ಬಾಗಿದವರು, ‘ಅದೇನು ಮೇಷ್ಟ್ರೇ ಶೋಚನೀಯ ಅಂದ್ರೆ?’ ಎಂದರು. ನೋಡಿದವರು ಅಯ್ಯೋ ಅನ್ನುವಂತಿದೆ ಅಂತ ಎಂದೆ.

‘ಅಯ್ಯೋ ಅನ್ನೋಕೆ ಅವರೇನು ನಮ್ಮ ನೆಂಟರಾ? ಅದು ತೆಗೀರಿ. ಬೋರು ಎಷ್ಟು ಅಡಿ, ಎಷ್ಟು ಮನೆ ಇದಾವೆ, ಮಿಷನ್ನು ಯಾವತ್ತಿಂದ ಕೆಟ್ಟೈತೆ, ಅದನ್ನ ಬರೀರಿ.’

ಮೊದಲ ವಾಕ್ಯ ಹೊಡೆದುಹಾಕಿದೆ. ಹೊಸ ಹಾಳೆಯಲ್ಲಿ ನಾಲ್ಕು ಕಾಲಂ ಎಳೆದೆ: ಕೊಳವೆಬಾವಿಯ ಆಳ, ನೀರಿನ ಪರೀಕ್ಷೆಯಲ್ಲಿ ಬಂದ ಫ್ಲೋರೈಡ್, ಮನೆಗಳ ಸಂಖ್ಯೆ, ಘಟಕ ನಿಂತ ತಾರೀಕು. ನನ್ನದು 1200 ಅಡಿ ಎಂದು ಒಬ್ಬರು ಬರೆಸಿದರು. ಇಲ್ಲ, ನಿಂದು 1150, ಕೇಸಿಂಗ್ ಹಾಕಿಸಿದ ದಿನ ನಾನೇ ಇದ್ದೆ ಎಂದು ಇನ್ನೊಬ್ಬರು ಎದ್ದರು. ಬಿಲ್ಲು ತರಲು ಮಕ್ಕಳು ಮನೆಗೆ ಓಡಿದರು. ಕಾಲೇಜು ಹುಡುಗ ಪೆನ್ನು ತೆಗೆದುಕೊಂಡು ತಾನೇ ಬರೆದುಕೊಳ್ಳುತ್ತೇನೆ ಎಂದು ಮುಂದೆ ಬಂದು ಕೂತ. ಮಧ್ಯಾಹ್ನದ ಹೊತ್ತಿಗೆ ಮನವಿ ಒಂದೂವರೆ ಪುಟ ಆಯಿತು, ಅದಕ್ಕೆ ಜೋಡಿಸಿದ ಬಿಲ್ಲುಗಳ ಕಟ್ಟು ಅದಕ್ಕಿಂತ ದಪ್ಪ.